ಫೋನ್ ಆ್ಯಪ್ ನೀರಿನೊಳಗಿನ ಮೀನು ತೋರಿಸುತ್ತದೆಯೇ? ಗಾಳ, ರೀಲ್, ಸೋನಾರ್ ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಒಂದೇ ನೋಟದಲ್ಲಿ

- ಬರೀ ಆ್ಯಪ್ ಹಾಕಿಕೊಂಡರೆ ಫೋನ್ ಮೀನು ಹುಡುಕುವ ಯಂತ್ರ ಆಗುವುದಿಲ್ಲ. ನೀರಿಗೆ ತಾಗುವ ಸೋನಾರ್ ಉಪಕರಣ ಬೇಕೇ ಬೇಕು.
- ಸೋನಾರ್ ಪರದೆಯ ಮೇಲೆ ಕಾಣುವ ಮೀನಿನ ಚಿತ್ರ ಫೋಟೋ ಅಲ್ಲ, ಯಂತ್ರದ ಅಂದಾಜು.
- ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ. ಆದರೆ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು.
- ಕಾರ್ಬನ್ ಕೋಲು ವಿದ್ಯುತ್ ಹರಿಸುತ್ತದೆ. ವಿದ್ಯುತ್ ತಂತಿ ಕೆಳಗೆ ಗಾಳ ಬೀಸಬೇಡಿ.
- ಇನ್ವರ್ಟರ್ ಅಥವಾ ಕರೆಂಟ್ ತಂತಿ ಬಿಟ್ಟು ಮೀನು ಹಿಡಿಯುವ ವಿಡಿಯೋಗಳನ್ನು ಹಂಚಬೇಡಿ. ಅದು ಜೀವ ತೆಗೆಯುವ ವಿಧಾನ.
- ಹಣ ಕಡಿಮೆ ಇದ್ದರೆ ಮೊದಲು ಲೈಫ್ ಜಾಕೆಟ್ ಕೊಳ್ಳಿ, ಆಮೇಲೆ ಒಳ್ಳೆಯ ದಾರ. ಎಲೆಕ್ಟ್ರಾನಿಕ್ಸ್ ಕೊನೆಗೆ.

ರಾಯಚೂರು ಜಿಲ್ಲೆಯನ್ನು ಎಡೆದೊರೆ ನಾಡು ಎಂದು ಕರೆಯುವುದು ಸುಮ್ಮನೆ ಅಲ್ಲ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ, ನಡುವೆ ಈ ನೆಲ. ದೇವದುರ್ಗದವರಿಗೆ ಕೃಷ್ಣೆ ಹತ್ತಿರ, ಮಾನ್ವಿಯವರಿಗೆ ತುಂಗಭದ್ರೆ ಹತ್ತಿರ. ಗುಂಜಹಳ್ಳಿಯಂಥ ಊರುಗಳ ಸುತ್ತ ಕೆರೆ, ಕಾಲುವೆ, ಹಳ್ಳಗಳಿವೆ. ಬಲೆ ಹಾಕಿ ಬದುಕುವ ಕುಟುಂಬಗಳ ಜೊತೆಗೆ, ರಜೆಯ ದಿನ ಗಾಳ ಹಿಡಿದು ದಂಡೆಗೆ ಹೋಗುವ ಹುಡುಗರೂ ಈಗ ಹೆಚ್ಚಾಗಿದ್ದಾರೆ. ಅವರ ಫೋನಿಗೆ ಬರುವ ಫಾರ್ವರ್ಡ್‌ಗಳೂ ಅಷ್ಟೇ ಹೆಚ್ಚು. "ಈ ಆ್ಯಪ್ ಹಾಕಿ, ಮೀನು ಎಲ್ಲಿದೆ ನೋಡಿ", "ಈ ದಾರ ಮೀನಿಗೆ ಕಾಣುವುದೇ ಇಲ್ಲ", "ಬ್ಯಾಟರಿ ಇದ್ದರೆ ಐದು ನಿಮಿಷದಲ್ಲಿ ಬುಟ್ಟಿ ತುಂಬ ಮೀನು" ಎನ್ನುವ ಥರದವು. ಇವುಗಳಲ್ಲಿ ಕೆಲವನ್ನು ನಂಬಿದರೆ ದುಡ್ಡು ಹೋಗುತ್ತದೆ, ಕೆಲವನ್ನು ನಂಬಿದರೆ ಪ್ರಾಣವೇ ಹೋಗುತ್ತದೆ. ಒಂದೊಂದಾಗಿ ನೋಡೋಣ.

ವಾದ 1: ಆ್ಯಪ್ ಹಾಕಿಕೊಂಡರೆ ಸಾಕು, ಫೋನ್ ನೀರಿನೊಳಗಿನ ಮೀನು ತೋರಿಸುತ್ತದೆ

ಇದು ಸುಳ್ಳು. ಕಾರಣ ಸರಳ.

ನೀರಿನೊಳಗೆ ಮೀನು ಹುಡುಕಲು ಬಳಸುವುದು ಸದ್ದನ್ನು. ಫೋನಿನ ಸ್ಪೀಕರ್ ಸದ್ದು ಮಾಡುತ್ತದೆ ನಿಜ, ಆದರೆ ಆ ಸದ್ದು ಮೊದಲು ಗಾಳಿಗೆ ಹೋಗುತ್ತದೆ. ಗಾಳಿಯಿಂದ ನೀರಿಗೆ ಬಡಿದ ಸದ್ದಿನ ಶಕ್ತಿಯಲ್ಲಿ ಶೇ 99.9ರಷ್ಟು ನೀರಿನ ಮೇಲ್ಮೈಗೆ ಬಡಿದು ವಾಪಸ್ ಬಂದುಬಿಡುತ್ತದೆ. ಒಳಗೆ ಹೋಗುವುದು ಸಾವಿರದಲ್ಲಿ ಒಂದು ಪಾಲು. ಅದು ಮೀನಿಗೆ ತಾಗಿ ಮರಳಿ ಬರುವಾಗ ನೀರಿನಿಂದ ಗಾಳಿಗೆ ದಾಟಬೇಕು. ಅಲ್ಲಿಯೂ ಸಾವಿರದಲ್ಲಿ ಒಂದು ಪಾಲು ಮಾತ್ರ ದಾಟುತ್ತದೆ. ಒಟ್ಟಿನಲ್ಲಿ ಹತ್ತು ಲಕ್ಷದಲ್ಲಿ ಒಂದು ಪಾಲು ಕೂಡ ಫೋನಿನ ಮೈಕ್‌ಗೆ ಮುಟ್ಟುವುದಿಲ್ಲ. ಕೆರೆಯಲ್ಲಿ ಮುಳುಗಿದಾಗ ದಂಡೆಯ ಮೇಲಿನವರ ಮಾತು ಕೇಳಿಸದೇ ಇರುವುದೂ ಇದೇ ಕಾರಣಕ್ಕೆ.

ಕ್ಯಾಮೆರಾದಿಂದಲೂ ಆಗುವುದಿಲ್ಲ. ಮಳೆಗಾಲದ ಕೃಷ್ಣಾ ನದಿಯ ಕೆಂಪು ನೀರಿನಲ್ಲಿ ಒಂದು ಗೇಣು ಕೆಳಗಿನದೂ ಕಾಣುವುದಿಲ್ಲ. ಬ್ಲೂಟೂತ್, ವೈಫೈ ಅಲೆಗಳು ನೀರಿನಲ್ಲಿ ಕೆಲವೇ ಸೆಂಟಿಮೀಟರ್‌ಗಳಲ್ಲಿ ಸತ್ತುಹೋಗುತ್ತವೆ.

ಹಾಗಾದರೆ ಅಂಗಡಿಯಲ್ಲಿರುವ ಆ್ಯಪ್‌ಗಳು ಏನು? ಅವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಬೇರೆಯಾಗಿ ಕೊಳ್ಳುವ ಸೋನಾರ್ ಚೆಂಡಿನ ಜೊತೆಗಾರ ಆ್ಯಪ್. ಅದು ನಿಜವಾದದ್ದು. ಎರಡು, ಬರೀ ಅನಿಮೇಷನ್ ತೋರಿಸುವ ಆಟದ ಆ್ಯಪ್. ಫೋನನ್ನು ಊಟದ ಟೇಬಲ್ ಮೇಲೆ ಇಟ್ಟರೂ ಅದರಲ್ಲಿ ಮೀನು ಈಜುತ್ತಿರುತ್ತದೆ. ಪರೀಕ್ಷೆಗೆ ಇಷ್ಟೇ ಸಾಕು. ಅಂಥ ಆ್ಯಪ್ ನಿಮ್ಮ ಸಂಪರ್ಕ ಪಟ್ಟಿ, ಎಸ್‌ಎಂಎಸ್ ನೋಡಲು ಅನುಮತಿ ಕೇಳಿದರೆ ತಕ್ಷಣ ತೆಗೆದುಹಾಕಿ. ಮೀನಿಗೂ ನಿಮ್ಮ ಎಸ್‌ಎಂಎಸ್‌ಗೂ ಸಂಬಂಧವಿಲ್ಲ.

ಹಾಗಾದರೆ ನಿಜವಾದ ಸೋನಾರ್ ಹೇಗೆ ಕೆಲಸ ಮಾಡುತ್ತದೆ?

ಸೋನಾರ್‌ನಲ್ಲಿ ನೀರಿಗೆ ತಾಗಿಕೊಂಡಿರುವ ಒಂದು ಭಾಗ ಇರುತ್ತದೆ. ಅದಕ್ಕೆ ಟ್ರಾನ್ಸ್‌ಡ್ಯೂಸರ್ ಎನ್ನುತ್ತಾರೆ. ಅದು ನಮ್ಮ ಕಿವಿಗೆ ಕೇಳಿಸದಷ್ಟು ಏರು ಸ್ವರದ ಸದ್ದನ್ನು ಕೆಳಕ್ಕೆ ಬಿಡುತ್ತದೆ. ಸದ್ದು ತಳಕ್ಕೋ ಮೀನಿಗೋ ಬಡಿದು ಮರಳಿ ಬರಲು ತೆಗೆದುಕೊಂಡ ಸಮಯವನ್ನು ಅಳೆಯುತ್ತದೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. 3 ಮೀಟರ್ ಆಳದ ನೀರಿನಲ್ಲಿ ಹೋಗಿ ಬರಲು ಸೆಕೆಂಡಿನ ಸಾವಿರದಲ್ಲಿ 4 ಭಾಗ ಸಾಕು. ಈ ಲೆಕ್ಕದಿಂದ ಆಳ ತಿಳಿಯುತ್ತದೆ.

ಮೀನು ಕಾಣುವುದು ಮುಖ್ಯವಾಗಿ ಅದರ ಹೊಟ್ಟೆಯೊಳಗಿನ ಗಾಳಿಚೀಲದಿಂದ. ಮೀನಿನ ಮಾಂಸ ಹೆಚ್ಚುಕಡಿಮೆ ನೀರಿನಂತೆಯೇ ಇರುವುದರಿಂದ ಸದ್ದು ಅದರೊಳಗೆ ತೂರಿಹೋಗುತ್ತದೆ. ಗಾಳಿ ಸಿಕ್ಕಾಗ ಮಾತ್ರ ಜೋರಾಗಿ ಮರಳುತ್ತದೆ. ಕಾಟ್ಲಾ, ರೋಹು, ಮೃಗಾಲ್ ಮೀನುಗಳಿಗೆ ದೊಡ್ಡ ಗಾಳಿಚೀಲ ಇರುತ್ತದೆ. ಸದ್ದಿಗೆ ನೀರಿನ ಕೆಸರು ಅಷ್ಟಾಗಿ ಅಡ್ಡಿ ಮಾಡುವುದಿಲ್ಲ. ಹಾಗಾಗಿ ಕಣ್ಣಿಗೆ ಕಾಣದ ಕೆಂಪು ನೀರಿನಲ್ಲೂ ಸೋನಾರ್ ಕೆಲಸ ಮಾಡುತ್ತದೆ.

ವಾದ 2: ಪರದೆಯಲ್ಲಿ ಹತ್ತು ಮೀನು ಕಂಡರೆ ಕೆಳಗೆ ಹತ್ತು ಮೀನು ಇವೆ

ಅರ್ಧ ಸತ್ಯ. ಪರದೆ ಓದುವಾಗ ನಾಲ್ಕು ಸಂಗತಿ ನೆನಪಿಡಿ.

ಮೊದಲನೆಯದು, ಪರದೆಯ ಬಲ ತುದಿಯಲ್ಲಿ ಇರುವುದಷ್ಟೇ ಈಗಿನದು. ಎಡಕ್ಕೆ ಸರಿದದ್ದೆಲ್ಲ ಆಗಲೇ ಕಳೆದುಹೋದದ್ದು. ಒಂದೇ ಮೀನು ಮೂರು ಸಲ ಹಾದುಹೋದರೆ ಮೂರು ಗುರುತು ಬೀಳುತ್ತದೆ.

ಎರಡನೆಯದು, ಮೀನಿನ ಆಕಾರದ ಚಿತ್ರ ಯಂತ್ರದೊಳಗಿನ ಸಾಫ್ಟ್‌ವೇರ್‌ನ ಊಹೆ. ನೀರಿನ ಗುಳ್ಳೆ, ಜಲಕಳೆ, ಮುಳುಗಿದ ಕೊಂಬೆಯನ್ನೂ ಅದು ಮೀನೆಂದು ತೋರಿಸಬಹುದು. ಆ ಸೌಲಭ್ಯವನ್ನು ಆರಿಸಿ, ಕಚ್ಚಾ ಚಿತ್ರವನ್ನೇ ನೋಡುವುದನ್ನು ಕಲಿಯಿರಿ. ದೋಣಿಯೋ ಮೀನೋ ಚಲಿಸುತ್ತಿದ್ದರೆ ಮೀನು ಕಮಾನಿನಂತೆ ಮೂಡುತ್ತದೆ, ಎರಡೂ ನಿಂತಿದ್ದರೆ ಉದ್ದನೆಯ ಗೆರೆಯಂತೆ ಮೂಡುತ್ತದೆ.

ಮೂರನೆಯದು, ಸದ್ದು ಹರಡುವುದು ಶಂಕುವಿನ ಆಕಾರದಲ್ಲಿ, ಅಂದರೆ ಟಾರ್ಚ್ ಬೆಳಕಿನಂತೆ. 20 ಡಿಗ್ರಿ ಕೋನದ ಸೋನಾರ್ 10 ಮೀಟರ್ ಆಳದಲ್ಲಿ ಸುಮಾರು ಮೂರೂವರೆ ಮೀಟರ್ ಅಗಲದ ವೃತ್ತ ನೋಡುತ್ತದೆ. ಅದೇ 3 ಮೀಟರ್ ಆಳದ ಕೆರೆಯಲ್ಲಿ ನೋಡುವುದು ಒಂದು ಮೀಟರ್ ಅಗಲ ಮಾತ್ರ, ಹರಿಗೋಲಿನ ಅಗಲಕ್ಕಿಂತ ಕಡಿಮೆ. ಪಕ್ಕದಲ್ಲೇ ಮೀನಿನ ಹಿಂಡು ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ.

ನಾಲ್ಕನೆಯದು, ತಳಕ್ಕೆ ಅಂಟಿಕೊಂಡು ಮಲಗಿದ ಮೀನು ತಳದ ಗೆರೆಯಲ್ಲೇ ಸೇರಿಹೋಗುತ್ತದೆ. ಬೇರೆಯಾಗಿ ಕಾಣದಿರಬಹುದು.

ಇಷ್ಟೆಲ್ಲ ಮಿತಿ ಇದ್ದರೆ ಸೋನಾರ್ ಯಾಕೆ ಬೇಕು? ಅದರ ದೊಡ್ಡ ಉಪಯೋಗ ಮೀನು ತೋರಿಸುವುದಲ್ಲ, ತಳ ತೋರಿಸುವುದು. ನಮ್ಮ ನದಿಗಳ ಪಾತ್ರದಲ್ಲಿ ಬಂಡೆಗಳಿವೆ, ಮರಳು ತೆಗೆದ ಗುಂಡಿಗಳೂ ಇವೆ. ಮೊಣಕಾಲುದ್ದ ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಆಳುದ್ದ ಗುಂಡಿ ಇರಬಹುದು. ಆಳ ಎಲ್ಲಿ ಹಠಾತ್ತಾಗಿ ಬದಲಾಗುತ್ತದೆ, ಬಂಡೆ ಎಲ್ಲಿದೆ ಎಂದು ತಿಳಿದರೆ ಬಲೆ ಹರಿಯುವುದು ತಪ್ಪುತ್ತದೆ, ಕಾಲಿಡುವ ಜಾಗವೂ ತಿಳಿಯುತ್ತದೆ. ಮೀನು ಹೆಚ್ಚಾಗಿ ಸೇರುವುದೂ ಇಂಥ ಆಳ ಬದಲಾಗುವ ಅಂಚಿನಲ್ಲೇ.

ನಮ್ಮ ನೀರಿಗೆ ಎಂಥ ಸೋನಾರ್ ಸರಿ?

ಎರಡು ಬಗೆಯವು ಸಿಗುತ್ತವೆ.

*ಎಸೆಯುವ ಸೋನಾರ್ ಚೆಂಡು:* ದಾರಕ್ಕೆ ಕಟ್ಟಿ ನೀರಿಗೆ ಎಸೆಯುವುದು. ಚೆಂಡು ತೇಲುತ್ತ ಕೆಳಗೆ ಸದ್ದು ಬಿಡುತ್ತದೆ, ಮೇಲಿನಿಂದ ವೈಫೈ ಅಥವಾ ಬ್ಲೂಟೂತ್‌ನಲ್ಲಿ ಫೋನಿಗೆ ಚಿತ್ರ ಕಳಿಸುತ್ತದೆ. ದಂಡೆಯಿಂದ ಮೀನು ಹಿಡಿಯುವವರಿಗೆ ಇದೇ ಅನುಕೂಲ. ಚೆಂಡು ಕಳೆದುಹೋಗದಂತೆ ಗಟ್ಟಿ ದಾರ ಕಟ್ಟಬೇಕು.

*ದೋಣಿಗೆ ಕಟ್ಟುವ ಸೋನಾರ್:* ಪರದೆ ಬೇರೆ, ಟ್ರಾನ್ಸ್‌ಡ್ಯೂಸರ್ ಬೇರೆ, ಬ್ಯಾಟರಿ ಬೇರೆ. ದೋಣಿಯಲ್ಲಿ ದಿನವೂ ಹೋಗುವವರಿಗೆ.

ಕೊಳ್ಳುವಾಗ "300 ಮೀಟರ್ ಆಳದವರೆಗೆ ನೋಡುತ್ತದೆ" ಎಂಬ ಜಾಹೀರಾತಿಗೆ ಹೆಚ್ಚು ಹಣ ಕೊಡಬೇಡಿ. ನಮ್ಮ ಕೆರೆಗಳಲ್ಲಿ ಅಷ್ಟು ಆಳವೇ ಇಲ್ಲ. ನೋಡಬೇಕಾದದ್ದು, ಕಡಿಮೆ ಆಳದಲ್ಲಿ ಎಷ್ಟರಿಂದ ಕೆಲಸ ಮಾಡುತ್ತದೆ ಎಂಬುದು. ಅರ್ಧ ಮೀಟರ್‌ನಿಂದ ಓದುವ ಯಂತ್ರ ನಮಗೆ ಒಳ್ಳೆಯದು. 200 ಕಿಲೋಹರ್ಟ್ಜ್ ಆಸುಪಾಸಿನ ಸದ್ದು ಕಿರಿದಾದ ಜಾಗವನ್ನು ಸ್ಪಷ್ಟವಾಗಿ ತೋರಿಸುತ್ತದೆ. 80 ಕಿಲೋಹರ್ಟ್ಜ್ ಆಸುಪಾಸಿನದು ಅಗಲವಾಗಿ ನೋಡುತ್ತದೆ, ವಿವರ ಕಡಿಮೆ. ಎರಡೂ ಇದ್ದರೆ ಕೆರೆಯಲ್ಲಿ ಅಗಲದ್ದರಿಂದ ಹುಡುಕಿ, ಕಿರಿದಾದದ್ದರಿಂದ ಖಚಿತ ಮಾಡಿಕೊಳ್ಳಬಹುದು. ರಾಯಚೂರಿನ ಬೇಸಿಗೆ ಬಿಸಿಲಿನಲ್ಲಿ ಪರದೆ ಕಾಣುತ್ತದೆಯೇ ಎಂಬುದನ್ನು ಅಂಗಡಿಯಿಂದ ಹೊರಗೆ ತಂದು ನೋಡಿಯೇ ಕೊಳ್ಳಿ.

ಹರಿಗೋಲಿಗೆ ಕಟ್ಟುವುದು ಹೇಗೆ?

ಸೋನಾರ್ ಜೊತೆ ಬರುವ ಪುಸ್ತಕದಲ್ಲಿ ಚೌಕಾಕಾರದ ಹಿಂಭಾಗ ಇರುವ ಮೋಟಾರು ದೋಣಿಯ ಚಿತ್ರವೇ ಹೆಚ್ಚಾಗಿ ಇರುತ್ತದೆ. ನಮ್ಮ ಹರಿಗೋಲು ದುಂಡಗಿನದು, ಬಿದಿರಿನ ಚೌಕಟ್ಟಿಗೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಹಾಕಿದ್ದು, ಇಲ್ಲವೇ ಫೈಬರಿನದು. ಅದಕ್ಕೆ ತೂತು ಕೊರೆಯಬೇಡಿ. ಹೀಗೆ ಮಾಡಿ:

1. ಒಂದು ಗಟ್ಟಿ ಬಿದಿರು ಅಥವಾ ಪಿವಿಸಿ ಕೋಲಿನ ತುದಿಗೆ ಟ್ರಾನ್ಸ್‌ಡ್ಯೂಸರ್ ಬಿಗಿಯಿರಿ.
2. ಕೋಲನ್ನು ಹರಿಗೋಲಿನ ಅಂಚಿಗೆ ಎರಡು ಕಡೆ ಕಟ್ಟಿ. ಒಂದೇ ಕಡೆ ಕಟ್ಟಿದರೆ ತಿರುಗುತ್ತದೆ.
3. ಟ್ರಾನ್ಸ್‌ಡ್ಯೂಸರ್ ನೀರಿನಲ್ಲಿ ಐದಾರು ಸೆಂಟಿಮೀಟರ್ ಮುಳುಗಿರಲಿ, ಹರಿಗೋಲಿನ ತಳಕ್ಕಿಂತ ಸ್ವಲ್ಪ ಕೆಳಗಿರಲಿ. ಮುಖ ನೇರ ಕೆಳಕ್ಕೆ ಇರಲಿ.
4. ಹುಟ್ಟು ಹಾಕುವ ಕಡೆಯಿಂದ ದೂರ ಇರಲಿ. ಹುಟ್ಟಿನಿಂದ ಏಳುವ ಗುಳ್ಳೆಗಳು ಪರದೆಯನ್ನೆಲ್ಲ ಚುಕ್ಕಿ ಮಾಡುತ್ತವೆ.
5. ಮೊದಲ ದಿನ ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ಅಳೆಯಿರಿ. ಯಂತ್ರದ ಲೆಕ್ಕ ಅದಕ್ಕೆ ಹೊಂದಬೇಕು.
6. ದಂಡೆ ಹತ್ತಿರ, ಬಂಡೆ ಹತ್ತಿರ ಬಂದಾಗ ಕೋಲನ್ನು ಮೇಲೆತ್ತಿ.

ಬ್ಯಾಟರಿ: ಚಿಕ್ಕ ಸೋನಾರ್‌ಗೆ ಯುಪಿಎಸ್‌ನಲ್ಲಿ ಬಳಸುವ 12 ವೋಲ್ಟ್, 7 ಆಂಪಿಯರ್-ಗಂಟೆಯ ಮುಚ್ಚಿದ ಬ್ಯಾಟರಿ ಸಾಕು. ಯಂತ್ರ ಅರ್ಧ ಆಂಪಿಯರ್ ಎಳೆದರೆ ಕಾಗದದ ಲೆಕ್ಕದಲ್ಲಿ 14 ಗಂಟೆ. ಆದರೆ ಸೀಸದ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ. ಅರ್ಧ ಮಾತ್ರ ಬಳಸಿ, ಅಂದರೆ 7 ಗಂಟೆ. ಪ್ಲಸ್ ತಂತಿಯಲ್ಲಿ, ಬ್ಯಾಟರಿಗೆ ಹತ್ತಿರದಲ್ಲೇ, ಯಂತ್ರದ ಪುಸ್ತಕದಲ್ಲಿ ಹೇಳಿದ ಅಳತೆಯ ಫ್ಯೂಸ್ ಹಾಕಿ. 12 ವೋಲ್ಟ್‌ನಿಂದ ಶಾಕ್ ಹೊಡೆಯುವುದು ಅಪರೂಪ. ಆದರೆ ಎರಡು ತಂತಿ ತಾಗಿಕೊಂಡರೆ ಪ್ಲಾಸ್ಟಿಕ್ ಹಾಳೆಯ ಹರಿಗೋಲಿಗೆ ಬೆಂಕಿ ಹತ್ತುವಷ್ಟು ಬಿಸಿ ಆಗುತ್ತದೆ. ಬ್ಯಾಟರಿಯನ್ನು ಮುಚ್ಚಳ ಇರುವ ಡಬ್ಬದಲ್ಲಿಟ್ಟು ಕಟ್ಟಿಹಾಕಿ.

ಫೋನ್: ಐಪಿ67 ಎಂದು ಬರೆದಿದ್ದರೆ ಒಂದು ಮೀಟರ್ ಸಿಹಿನೀರಿನಲ್ಲಿ 30 ನಿಮಿಷ ತಡೆಯುವಂತೆ ಪರೀಕ್ಷಿಸಲಾಗಿದೆ ಎಂದರ್ಥ. ಹಳೆಯದಾದ, ಒಮ್ಮೆ ಬಿಚ್ಚಿ ರಿಪೇರಿ ಮಾಡಿದ ಫೋನಿಗೆ ಆ ಭರವಸೆ ಇರುವುದಿಲ್ಲ. ತೇಲುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊರಳಿಗೆ ಅಲ್ಲ, ಜಾಕೆಟ್‌ಗೆ ಕಟ್ಟಿಕೊಳ್ಳಿ.

ವಾದ 3: ನೆಟ್‌ವರ್ಕ್ ಇಲ್ಲದ ಕಡೆ ಜಿಪಿಎಸ್ ಇಲ್ಲ

ಸುಳ್ಳು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಸಂಕೇತ ಕಳಿಸುತ್ತಿರುತ್ತವೆ. ಫೋನ್ ಅದನ್ನು ಕೇಳಿಸಿಕೊಳ್ಳುತ್ತದೆ ಅಷ್ಟೇ, ಏನನ್ನೂ ವಾಪಸ್ ಕಳಿಸಬೇಕಿಲ್ಲ. ಸಿಮ್ ಇಲ್ಲದಿದ್ದರೂ ನಡೆಯುತ್ತದೆ. ಹೊಸ ಫೋನುಗಳಲ್ಲಿ ಹಲವು ಇಸ್ರೋದ ನಾವಿಕ್ ಉಪಗ್ರಹಗಳ ಸಂಕೇತವನ್ನೂ ಬಳಸುತ್ತವೆ. ಬಯಲಿನಲ್ಲಿ ಸುಮಾರು 5 ಮೀಟರ್‌ವರೆಗೆ ಸರಿಯಾಗಿ ಜಾಗ ತೋರಿಸುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಮೊದಲ ಸಲ ಜಾಗ ಹಿಡಿಯಲು ಕೆಲವು ನಿಮಿಷ ಬೇಕಾಗಬಹುದು.

ಮಾಡಬೇಕಾದದ್ದು ಎರಡೇ. ಮನೆಯಲ್ಲಿರುವಾಗಲೇ ಆ ಭಾಗದ ನಕ್ಷೆಯನ್ನು ಆಫ್‌ಲೈನ್‌ಗೆ ಇಳಿಸಿಕೊಳ್ಳಿ. ದಂಡೆ ಬಿಡುವ ಮೊದಲು ಹೊರಟ ಜಾಗಕ್ಕೆ ಗುರುತು ಹಾಕಿ. ಕತ್ತಲಾದರೆ ಮರಳಲು ಅದೇ ದಾರಿ. ಆದರೆ ನಿಮ್ಮ ಜಾಗವನ್ನು ಇನ್ನೊಬ್ಬರಿಗೆ ಕಳಿಸಲು ಮಾತ್ರ ನೆಟ್‌ವರ್ಕ್ ಬೇಕು. ಹಾಗಾಗಿ ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಎಂದು ಮನೆಯಲ್ಲಿ ಹೇಳಿಯೇ ಹೊರಡಿ.

ವಾದ 4: ಸರ್ಕಾರದ ಉಪಗ್ರಹ ಮೀನು ಎಲ್ಲಿದೆ ಎಂದು ಹೇಳುತ್ತದೆ, ನಮ್ಮ ಕೆರೆಗೂ ಸಿಗುತ್ತದೆ

ಮೊದಲರ್ಧ ನಿಜ, ಎರಡನೆಯ ಅರ್ಧ ತಪ್ಪು. ಹೈದರಾಬಾದಿನಲ್ಲಿರುವ ಇನ್‌ಕಾಯಿಸ್ ಎಂಬ ಕೇಂದ್ರ ಸಂಸ್ಥೆ ಸಮುದ್ರದ ಮೇಲ್ಮೈ ಬಿಸಿ ಮತ್ತು ನೀರಿನ ಹಸಿರು ಬಣ್ಣವನ್ನು ಉಪಗ್ರಹದಿಂದ ಅಳೆದು, ಮೀನು ಸಿಗಬಹುದಾದ ಪ್ರದೇಶದ ಸೂಚನೆ ಕೊಡುತ್ತದೆ. ಅದು ಸಮುದ್ರಕ್ಕೆ ಮಾತ್ರ. ನಮ್ಮ ರಾಜ್ಯದಲ್ಲಿ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡದ ಮೀನುಗಾರರಿಗೆ ಅದು ಉಪಯೋಗ. ರಾಯಚೂರಿನ ಕೆರೆಗೂ ನದಿಗೂ ಅದು ಅನ್ವಯಿಸುವುದಿಲ್ಲ. ಆ ಹೆಸರು ಹೇಳಿಕೊಂಡು ಕೆರೆ ಮೀನಿಗೆ ಲಿಂಕ್ ಕಳಿಸಿದರೆ ಒತ್ತಬೇಡಿ.

ಕೋಲು, ರೀಲ್, ದಾರ, ಗಾಳ: ಒಂದಕ್ಕೊಂದು ಹೊಂದಬೇಕು

ದುಬಾರಿ ಕೋಲಿಗೆ ಅಗ್ಗದ ದಾರ ಹಾಕಿದರೆ ಮೀನು ದಾರ ಹರಿದುಕೊಂಡು ಹೋಗುತ್ತದೆ. ಸಣ್ಣ ಕೋಲಿಗೆ ದಪ್ಪ ದಾರ ಹಾಕಿದರೆ ಕೋಲೇ ಮುರಿಯುತ್ತದೆ. ಕೋಲಿನ ಬುಡದಲ್ಲಿ ಎಷ್ಟು ಪೌಂಡ್ ದಾರ, ಎಷ್ಟು ಗ್ರಾಂ ತೂಕ ಎಂದು ಅಚ್ಚಾಗಿರುತ್ತದೆ. 10 ಪೌಂಡ್ ಅಂದರೆ ಸುಮಾರು ನಾಲ್ಕೂವರೆ ಕೆಜಿ. ಅದನ್ನು ಓದಿ ದಾರ ಕೊಳ್ಳಿ.

ಹೊಸಬರಿಗೆ 7ರಿಂದ 8 ಅಡಿಯ ಮಧ್ಯಮ ಬಲದ ಫೈಬರ್ ಗ್ಲಾಸ್ ಕೋಲು, 3000 ಅಥವಾ 4000 ಅಳತೆಯ ಸ್ಪಿನ್ನಿಂಗ್ ರೀಲ್, 0.30 ಮಿಲಿಮೀಟರ್ ಆಸುಪಾಸಿನ ನೈಲಾನ್ ದಾರ ಒಳ್ಳೆಯ ಆರಂಭ. ರೀಲಿಗೆ ದಾರ ತುಂಬುವಾಗ ಅಂಚಿಗೆ ಎರಡು-ಮೂರು ಮಿಲಿಮೀಟರ್ ಬಿಟ್ಟು ನಿಲ್ಲಿಸಿ. ಹೆಚ್ಚು ತುಂಬಿದರೆ ಗಂಟುಗಂಟಾಗಿ ಹೊರಬರುತ್ತದೆ, ಕಡಿಮೆ ತುಂಬಿದರೆ ದೂರ ಹೋಗುವುದಿಲ್ಲ.

*ಗಾಳದ ಅಂಕಿ* ಹಲವರನ್ನು ಗೊಂದಲಕ್ಕೆ ತಳ್ಳುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಗಾಳ ಚಿಕ್ಕದು: 10ಕ್ಕಿಂತ 6 ದೊಡ್ಡದು, 6ಕ್ಕಿಂತ 1 ದೊಡ್ಡದು. 1 ಆದಮೇಲೆ 1/0, 2/0, 3/0 ಎಂದು ಮತ್ತೆ ಹಿಗ್ಗುತ್ತದೆ. ಜಿಲೇಬಿ ಮೀನಿಗೆ 8 ಅಥವಾ 10, ರೋಹು-ಮೃಗಾಲ್‌ಗೆ 4 ಅಥವಾ 6, ಬಾಳೆ ಮೀನಿನಂಥ ದೊಡ್ಡ ಬಾಯಿಯವಕ್ಕೆ 1/0ರಿಂದ 3/0.

*ಗಂಟು:* ದಾರ ಹರಿಯುವುದು ಹೆಚ್ಚಾಗಿ ಗಂಟಿನಲ್ಲಿ. ಕೆಟ್ಟ ಗಂಟು ದಾರದ ಬಲವನ್ನು ಅರ್ಧಕ್ಕೆ ಇಳಿಸಬಲ್ಲದು. ದಾರವನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ದಾರಕ್ಕೇ ಐದಾರು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಪಕ್ಕದ ಕುಣಿಕೆಯಲ್ಲಿ ತೂರಿಸಿ, ಆಗ ಆದ ದೊಡ್ಡ ಕುಣಿಕೆಯಲ್ಲೂ ತೂರಿಸಿ ಬಿಗಿಯಿರಿ. ಬಿಗಿಯುವ ಮೊದಲು ನೀರಿನಿಂದ ಒದ್ದೆ ಮಾಡಿ. ಒಣ ದಾರ ಉಜ್ಜಿ ಬಿಸಿಯಾಗಿ ದುರ್ಬಲವಾಗುತ್ತದೆ.

*ಡ್ರ್ಯಾಗ್:* ದೊಡ್ಡ ಮೀನು ಎಳೆದಾಗ ದಾರ ಹರಿಯದೆ ರೀಲಿನಿಂದ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವ ತಿರುಗುಗುಂಡಿ ಇದು. ದಾರದ ಬಲದ ಮೂರನೆಯ ಅಥವಾ ನಾಲ್ಕನೆಯ ಒಂದು ಭಾಗಕ್ಕೆ ಇಡಬೇಕು. ದಾರ 6 ಕೆಜಿಯದಾದರೆ ಒಂದೂವರೆಯಿಂದ 2 ಕೆಜಿ. ಅಂದಾಜು ಬೇಡ. ದಾರದ ತುದಿಯನ್ನು ಕೈಯಲ್ಲಿ ಹಿಡಿಯುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಕಟ್ಟಿ ಎಳೆಯಿರಿ. 2 ಕೆಜಿ ತೋರಿಸುವಾಗ ರೀಲ್ ತಿರುಗಲು ಶುರುವಾದರೆ ಸರಿ. ಮನೆಗೆ ಬಂದಮೇಲೆ ಡ್ರ್ಯಾಗ್ ಸಡಿಲಿಸಿ ಇಡಿ.

ವಾದ 5: ಈ ದಾರ ಮೀನಿಗೆ ಕಾಣುವುದೇ ಇಲ್ಲ

ಇದು ಫ್ಲೋರೋಕಾರ್ಬನ್ ದಾರದ ಬಗ್ಗೆ ಹೇಳುವ ಮಾತು. ವಸ್ತು ಬೆಳಕನ್ನು ಬಾಗಿಸುವ ಪ್ರಮಾಣ ನೀರಿಗೆ ಹತ್ತಿರವಾದಷ್ಟೂ ಅದು ನೀರಿನಲ್ಲಿ ಕಡಿಮೆ ಕಾಣುತ್ತದೆ. ಆ ಅಂಕಿ ನೀರಿಗೆ 1.33, ಫ್ಲೋರೋಕಾರ್ಬನ್‌ಗೆ 1.42, ನೈಲಾನ್‌ಗೆ 1.5ಕ್ಕೂ ಹೆಚ್ಚು. ಹಾಗಾಗಿ ತಿಳಿನೀರಿನಲ್ಲಿ ಅದು ನೈಲಾನ್‌ಗಿಂತ ಕಡಿಮೆ ಕಾಣುತ್ತದೆ ಎಂಬುದು ಸರಿ, ಕಾಣುವುದೇ ಇಲ್ಲ ಎಂಬುದು ತಪ್ಪು. ಮಳೆಗಾಲದ ಕೆಂಪು ನೀರಿನಲ್ಲಿ ಯಾವ ದಾರವೂ ಕಾಣುವುದಿಲ್ಲ. ಅದಕ್ಕೆ ದುಪ್ಪಟ್ಟು ಹಣ ಕೊಡುವ ಅಗತ್ಯವಿಲ್ಲ. ಹೆಣೆದ ದಾರ ತೆಳ್ಳಗಿದ್ದು ಬಲ ಹೆಚ್ಚು. ಆದರೆ ಹಿಗ್ಗುವುದಿಲ್ಲ, ಬಂಡೆಗೆ ಉಜ್ಜಿದರೆ ಬೇಗ ಹರಿಯುತ್ತದೆ, ಬೆರಳಿಗೆ ಸುತ್ತಿಕೊಂಡರೆ ಕೊಯ್ಯುತ್ತದೆ.

ನೈಲಾನ್ ಬಿಸಿಲಿಗೆ ಸಡಿಲವಾಗುತ್ತದೆ. ಕೋಲನ್ನು ಮಾಳಿಗೆಯ ಮೇಲೆ ಬಿಸಿಲಲ್ಲಿ ಬಿಡಬೇಡಿ. ಹಳೆಯ ದಾರವನ್ನು ದಂಡೆಯಲ್ಲಿ ಎಸೆಯಬೇಡಿ. ಹಕ್ಕಿ, ಆಮೆ, ನೀರುನಾಯಿಗಳ ಕಾಲಿಗೆ ಅದೇ ಉರುಳು.

ಕಾರ್ಬನ್ ಕೋಲು ಮತ್ತು ವಿದ್ಯುತ್ ತಂತಿ

ಕಾರ್ಬನ್ ಅಥವಾ ಗ್ರಾಫೈಟ್ ಕೋಲು ಹಗುರ, ಚೆಂದ. ಆದರೆ ಅದರ ಮೂಲಕ ವಿದ್ಯುತ್ ಹರಿಯುತ್ತದೆ. ಇದು ಹೆದರಿಸುವ ಫಾರ್ವರ್ಡ್ ಅಲ್ಲ, ಕೋಲಿನ ಮೇಲೇ ಹಲವು ಕಂಪನಿಗಳು ಎಚ್ಚರಿಕೆ ಅಚ್ಚು ಹಾಕಿರುತ್ತವೆ. 8 ಅಡಿಯ ಕೋಲನ್ನು ಕೈ ಮೇಲೆತ್ತಿ ಬೀಸಿದರೆ ಅದರ ತುದಿ 14–15 ಅಡಿ ಎತ್ತರಕ್ಕೆ ಹೋಗುತ್ತದೆ. ದಂಡೆಯ ದಿಬ್ಬದ ಮೇಲೆ ನಿಂತರೆ ಇನ್ನೂ ಮೇಲೆ. ಹೊಲದಲ್ಲಿ ಜೋತುಬಿದ್ದ ತಂತಿಗೆ ಅದು ಸುಲಭವಾಗಿ ತಾಗುತ್ತದೆ. ಶಕ್ತಿನಗರದಲ್ಲಿ ಕೃಷ್ಣಾ ದಂಡೆಯಲ್ಲೇ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಇದೆ. ಅಲ್ಲಿಂದ ಹೊರಡುವಂಥ ಹೈಟೆನ್ಷನ್ ತಂತಿ ಹತ್ತಿರ ಕೋಲು ತಾಗಲೇಬೇಕೆಂದಿಲ್ಲ, ಹತ್ತಿರ ಹೋದರೂ ವಿದ್ಯುತ್ ಜಿಗಿಯುತ್ತದೆ. ಒದ್ದೆ ದಾರದ ಮೂಲಕವೂ ಹರಿಯಬಹುದು.

ಕುಳಿತುಕೊಳ್ಳುವ ಮೊದಲು ತಲೆ ಎತ್ತಿ ನೋಡಿ. ತಂತಿ ಕೆಳಗೆ ನಡೆಯುವಾಗ ಕೋಲನ್ನು ಮಡಚಿ, ನೆಲಕ್ಕೆ ಸಮವಾಗಿ ಹಿಡಿದು ಹೋಗಿ. ಗುಡುಗು ಕೇಳಿಸಿದರೆ ಕೋಲು ಕೆಳಗಿಟ್ಟು ನೀರಿನಿಂದ ಹೊರಬನ್ನಿ. ಜೋತುಬಿದ್ದ ತಂತಿ ಕಂಡರೆ ಜೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ.

ವಾದ 6: ಇನ್ವರ್ಟರ್ ತಂತಿ ನೀರಿಗೆ ಬಿಟ್ಟರೆ ಐದು ನಿಮಿಷದಲ್ಲಿ ಮೀನು

ಈ ವಿಡಿಯೋಗಳಲ್ಲಿ ತೇಲುವ ಮೀನು ಕಾಣುತ್ತದೆ, ಮುಂದಿನ ಅಪಾಯ ಕಾಣುವುದಿಲ್ಲ. ಒದ್ದೆ ಮೈಯ ವಿದ್ಯುತ್ ತಡೆ ಬಹಳ ಕಡಿಮೆ, ಸುಮಾರು 1,000 ಓಮ್‌ವರೆಗೂ ಇಳಿಯುತ್ತದೆ. 230 ವೋಲ್ಟ್ ತಾಗಿದರೆ 230 ಮಿಲಿಆಂಪಿಯರ್ ಹರಿಯಬಹುದು. ಎದೆಯ ಮೂಲಕ 100 ಮಿಲಿಆಂಪಿಯರ್ ಹರಿದರೂ ಹೃದಯದ ಬಡಿತ ಕೆಡಲು ಸಾಕು. 12 ವೋಲ್ಟ್ ಬ್ಯಾಟರಿಯನ್ನು ಇನ್ವರ್ಟರ್ 220 ವೋಲ್ಟ್‌ಗೆ ಏರಿಸುವುದರಿಂದ "ಬರೀ ಬ್ಯಾಟರಿ ತಾನೇ" ಎನ್ನುವುದೂ ಸರಿಯಲ್ಲ. ಸತ್ತ ಮೀನು ಎತ್ತಲು ನೀರಿಗೆ ಇಳಿದವರು, ಪಕ್ಕದಲ್ಲಿ ಬಟ್ಟೆ ಒಗೆಯುವವರು, ನೀರು ಕುಡಿಯಲು ಬಂದ ದನ, ಎಲ್ಲರಿಗೂ ಅಪಾಯ. ಮರಿ ಮೀನು, ಮೊಟ್ಟೆ ಹೊತ್ತ ಮೀನು ಎಂಬ ಭೇದವಿಲ್ಲದೆ ಸಾಯುವುದರಿಂದ ಮುಂದಿನ ವರ್ಷ ಬಲೆ ಖಾಲಿ.

ವಿದ್ಯುತ್ ಕಂಬದಿಂದ ನೇರ ಎಳೆಯುವುದು 2003ರ ವಿದ್ಯುತ್ ಕಾಯ್ದೆಯಡಿ ಕಳ್ಳತನ. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದಿದೆ. ಯಾರಿಗಾದರೂ ನೀರಿನಲ್ಲಿ ಶಾಕ್ ಹೊಡೆದರೆ ಹಾರಬೇಡಿ. ಮೊದಲು ವಿದ್ಯುತ್ ಕಡಿತ ಮಾಡಿ, ಆಮೇಲೆ ಹೊರಗೆಳೆಯಿರಿ. 112 ಅಥವಾ 108ಕ್ಕೆ ಕರೆ ಮಾಡಿ.

ವಾದ 7: ಈಜು ಬಂದರೆ ಲೈಫ್ ಜಾಕೆಟ್ ಬೇಡ

2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕುರ್ವಕುರ್ದಾ ನಡುಗಡ್ಡೆಗೆ ಮರಳುತ್ತಿದ್ದವರ ಹರಿಗೋಲು ತುಂಬಿದ ಕೃಷ್ಣೆಯಲ್ಲಿ ಮಗುಚಿ ನಾಲ್ವರು ಕೊಚ್ಚಿಹೋದರು. ನದಿಯ ಜೊತೆಯೇ ಬದುಕುವ ಊರಿನವರಿಗೂ ಹೀಗಾಯಿತು. ತಲೆಗೆ ಬಂಡೆ ತಾಗಿದರೆ, ಬಟ್ಟೆಗೆ ಬಲೆ ಸುತ್ತಿಕೊಂಡರೆ ಈಜು ಉಪಯೋಗಕ್ಕೆ ಬರುವುದಿಲ್ಲ.

ಜಾಕೆಟ್ ಮೇಲೆ ನ್ಯೂಟನ್ ಎಂಬ ಅಳತೆ ಇರುತ್ತದೆ. 10 ನ್ಯೂಟನ್ ಅಂದರೆ ಸುಮಾರು 1 ಕೆಜಿಯನ್ನು ತೇಲಿಸುವ ಶಕ್ತಿ. 50 ನ್ಯೂಟನ್‌ನದು ಈಜು ಬಲ್ಲವರಿಗೆ ನೆರವು ಮಾತ್ರ. ಈಜು ಬಾರದವರಿಗೆ, ಮಕ್ಕಳಿಗೆ 100 ನ್ಯೂಟನ್ ಅಥವಾ ಹೆಚ್ಚಿನದು, ಅವರ ತೂಕಕ್ಕೆ ತಕ್ಕ ಅಳತೆಯದು ಬೇಕು. ಹಾಕಿಕೊಂಡು ಬೆಲ್ಟ್ ಬಿಗಿದ ಮೇಲೆ ಇನ್ನೊಬ್ಬರಿಂದ ಭುಜದ ಬಳಿ ಮೇಲಕ್ಕೆ ಎಳೆಸಿ ನೋಡಿ. ಕಿವಿಯವರೆಗೆ ಎದ್ದು ಬಂದರೆ ಅಳತೆ ಸರಿಯಿಲ್ಲ. ಹರಿಗೋಲಿನಲ್ಲಿ ಮಡಚಿಟ್ಟ ಜಾಕೆಟ್ ಯಾರನ್ನೂ ಉಳಿಸುವುದಿಲ್ಲ.

ಇನ್ನೊಂದು ಅಪಾಯವನ್ನು ಯಾವ ಸೋನಾರ್ ಕೂಡ ತೋರಿಸುವುದಿಲ್ಲ: ಮೇಲಿನಿಂದ ಬರುವ ನೀರು. ಇಲ್ಲಿ ಮಳೆ ಇಲ್ಲದಿದ್ದರೂ ಮಹಾರಾಷ್ಟ್ರದಲ್ಲಿ ಮಳೆಯಾದರೆ ನಾರಾಯಣಪುರ ಜಲಾಶಯದಿಂದ ನೀರು ಬಿಡುತ್ತಾರೆ. 1 ಲಕ್ಷ ಕ್ಯುಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಹೆಚ್ಚು. ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆಯೇ ಮುಳುಗಿದ ವರ್ಷಗಳಿವೆ. ಹೊರಡುವ ದಿನ ಜಿಲ್ಲಾಡಳಿತದ ಪ್ರಕಟಣೆ ನೋಡಿ. ನದಿ ದಂಡೆಗೆ ಹೋಗಬೇಡಿ ಎಂದಿದ್ದರೆ ಹೋಗಬೇಡಿ. ನಡುಗಡ್ಡೆಯ ಬಂಡೆಯ ಮೇಲೆ ಕುಳಿತಾಗ ನೀರಿನ ಅಂಚಿಗೆ ಒಂದು ಕಲ್ಲು ಗುರುತಿಟ್ಟುಕೊಳ್ಳಿ. ಅದು ಮುಳುಗತೊಡಗಿದರೆ ಸಾಮಾನು ಬಿಟ್ಟು ದಂಡೆಗೆ ಬನ್ನಿ.

ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ಕಾಲು ನೀರಿಗಿಳಿಬಿಟ್ಟು ಕೂರುವುದು, ನೀರಿನ ಅಂಚಿನಲ್ಲೇ ಮೀನು ಕೊಯ್ದು ತೊಳೆಯುವುದು, ಸಂಜೆಗತ್ತಲಲ್ಲಿ ಬಲೆ ಬಿಡಿಸಲು ನೀರಿಗಿಳಿಯುವುದು ಬೇಡ.

ಅನುಮತಿ ಬೇಕೇ?

ಹಲವು ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಅಲ್ಲಿ ಮರಿ ಬಿಟ್ಟು ಸಾಕಿದವರು ಅವರು. "ಗಾಳ ಹಾಕಲು ಯಾರನ್ನೂ ಕೇಳಬೇಕಿಲ್ಲ" ಎನ್ನುವುದು ತಪ್ಪು. ರಾಜ್ಯದಲ್ಲಿ ಇದಕ್ಕೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ. ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಕಾಟ್ಲಾ, ರೋಹು, ಮೃಗಾಲ್ ಮೊಟ್ಟೆ ಇಡುವುದು ಮಳೆಗಾಲದಲ್ಲಿ. ಆ ದಿನಗಳಲ್ಲಿ ಹೊಟ್ಟೆ ತುಂಬಿದ ಮೀನು ಸಿಕ್ಕರೆ ಬಿಟ್ಟುಬಿಡುವುದು ನಿಮ್ಮ ಮುಂದಿನ ವರ್ಷಕ್ಕೇ ಲಾಭ. ಮೀನುಗಾರಿಕೆಯೇ ಕಸುಬಾಗಿದ್ದರೆ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆಗೆ ಹೆಸರು ನೋಂದಾಯಿಸುವ ಬಗ್ಗೆಯೂ ಅಲ್ಲೇ ಕೇಳಿ.

ಹಣ ಯಾವುದಕ್ಕೆ ಮೊದಲು?

1. ಅಳತೆಗೆ ಸರಿಯಾದ ಲೈಫ್ ಜಾಕೆಟ್, ಹರಿಗೋಲಿನಲ್ಲಿ ಇರುವ ಪ್ರತಿಯೊಬ್ಬರಿಗೂ.
2. ಹೊಸ ದಾರ, ಒಳ್ಳೆಯ ಗಾಳ, ಸ್ಪ್ರಿಂಗ್ ತಕ್ಕಡಿ.
3. ಫೈಬರ್ ಗ್ಲಾಸ್ ಕೋಲು, ಮಧ್ಯಮ ಬೆಲೆಯ ರೀಲ್.
4. ಫೋನಿಗೆ ತೇಲುವ ಚೀಲ, ಆಫ್‌ಲೈನ್ ನಕ್ಷೆ, ಟಾರ್ಚ್, ಸೀಟಿ.
5. ಇವೆಲ್ಲ ಆದಮೇಲೆ ಹಣ ಉಳಿದರೆ ಸೋನಾರ್.

ಫಾರ್ವರ್ಡ್ ಮಾಡುವ ಮುನ್ನ

ಮೀನು ಹಿಡಿಯುವ ಹೊಸ ಉಪಾಯದ ವಿಡಿಯೋ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಉಪಕರಣ ನೀರಿಗೆ ತಾಗುತ್ತದೆಯೇ, ಇಲ್ಲ ಬರೀ ಪರದೆಯ ಆಟವೇ? ಇದು ನಮ್ಮ ನೀರಿಗೆ ಹೊಂದುತ್ತದೆಯೇ, ಇಲ್ಲ ಸಮುದ್ರದ್ದೇ? ಇದನ್ನು ನೋಡಿ ಒಬ್ಬ ಹುಡುಗ ಹಾಗೆಯೇ ಮಾಡಿದರೆ ಸಂಜೆ ಮನೆಗೆ ಬರುತ್ತಾನೆಯೇ? ಮೂರನೆಯದಕ್ಕೆ "ಹೌದು" ಎಂದು ಹೇಳಲಾಗದಿದ್ದರೆ ಆ ವಿಡಿಯೋ ನಿಮ್ಮ ಫೋನಿನಲ್ಲೇ ನಿಲ್ಲಲಿ.